ಒಂದು ಹಲ್ಲು ಕಡಿಮೆ

ನಮ್ಮ ಹಳೆಯ ಫೋರ್‌ಮನ್ ತೀರಿಕೊಂಡ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಕೈ ತೊಳೆದು ಏಳಬೇಕು ಅನ್ನಿಸಲಿಲ್ಲ. ಇನ್ನೂ ಅರ್ಧ ಮುದ್ದೆ ಹಾಕಿಸಿಕೊಂಡು, ನಿಧಾನವಾಗಿ ಉಂಡು, ಆಮೇಲೆ ಏನಾಗಿತ್ತಂತೆ ಎಂದು ಸುದ್ದಿ ತಂದವನನ್ನು ಕೇಳಿದೆ. ಕಾಮಾಲೆ ಎಂದ. ಕಾಮಾಲೆಯಾದವರಿಗೆ ಉಗುರೂ ಹಳದಿಯಾಗುತ್ತದೆಂದು ಯಾರೋ ಹೇಳಿದ್ದು ನೆನಪಿತ್ತು. ಒಂದು ದಿನವೂ ಮಸಿ ಮುಟ್ಟದ ಆ ಮನುಷ್ಯನ ಉಗುರಿಗೆ ಕೊನೆಗೂ ಒಂದು ಬಣ್ಣ ಹತ್ತಿತಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ಸತ್ತವರ ಬಗ್ಗೆ ಹಾಗೆಲ್ಲ ಯೋಚಿಸಬಾರದು, ಗೊತ್ತು. ಆದರೆ ಹೊಳೆದದ್ದನ್ನು ಹೊಳೆಯಲಿಲ್ಲ ಎಂದು ಬರೆಯಲು ನನಗೆ ಬರುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲೂ ಅದು ಮುಗಿದ ಮೇಲೆ ಒಂದೆರಡು ವರ್ಷವೂ ನಾನು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಮೋಟಾರು ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದೆ. ಈಗ ಶಿವಾಜಿನಗರ ಅನ್ನುವ ಜಾಗವನ್ನು ಆಗ ಬ್ಲಾಕ್‌ಪಳ್ಳಿ ಅನ್ನುತ್ತಿದ್ದರು. ಅಲ್ಲಿನ ಮಾರ್ಕೆಟ್ಟಿನ ಹಿಂದೆ ನಮ್ಮ ಗ್ಯಾರೇಜು. ಮಾಲೀಕರು ಮದರಾಸಿನಲ್ಲಿ ಇರುತ್ತಿದ್ದರು. ಹಾಗಾಗಿ ನಮಗೆ ದೇವರು, ದೊರೆ, ಮಳೆ, ಬಿಸಿಲು ಎಲ್ಲವೂ ಈ ಫೋರ್‌ಮನ್ನೇ. ನಾನು ದೊಡ್ಡನೆಕ್ಕುಂದಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದೆ. ಅವರು ಫ್ರೇಜರ್ ಟೌನಿನಿಂದ ನಡೆದು ಬರುತ್ತಿದ್ದರು, ಬಿಳಿ ಡ್ರಿಲ್ ಪ್ಯಾಂಟು, ಬಿಳಿ ಷರಟು, ತಲೆಗೆ ದೊರೆಗಳ ಹ್ಯಾಟು ಹಾಕಿಕೊಂಡು. ಗ್ಯಾರೇಜಿನಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಸಂಜೆಯವರೆಗೂ ಅದನ್ನು ಬಿಳಿಯಾಗಿಯೇ ಇಟ್ಟುಕೊಳ್ಳುವ ಫೋರ್‌ಮನ್ ಎಂಥವನಿರಬಹುದು ಎಂದು ಈ ಕಸುಬಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೊಂಟದ ಬೆಲ್ಟಿಗೆ ಚರ್ಮದ ಒರೆಯಲ್ಲಿ ಒಂದು ಸ್ಲೈಡ್ ರೂಲ್ ತೂಗುತ್ತಿತ್ತು. ಲೆಕ್ಕ ಹಾಕುವ ಜಾರುಪಟ್ಟಿ ಅದು. ಪೊಲೀಸಿನವನ ಲಾಠಿಯನ್ನು ನೋಡುವ ಹಾಗೆ ನಾವು ಅದನ್ನು ನೋಡುತ್ತಿದ್ದೆವು. ಯಾವುದೇ ಗಾಡಿ ಬರಲಿ, ಮೊದಲು ಕರ್ಚೀಫಿನಿಂದ ಆ ಪಟ್ಟಿಯ ಗಾಜನ್ನು ಒರೆಸುವರು, ಪಟ್ಟಿ ಎಳೆಯುವರು, ಕಣ್ಣು ಕಿರಿದು ಮಾಡಿ ನೋಡುವರು, ಮತ್ತೆ ಒರೆಸುವರು, ಮತ್ತೆ ಒರೆಗೆ ಹಾಕುವರು. ಹದಿನೆಂಟನ್ನು ಎರಡರಿಂದ ಭಾಗಿಸಲು ಆ ಪಟ್ಟಿ ಎಳೆದದ್ದನ್ನು ನಾನೇ ಕಂಡಿದ್ದೇನೆ.

"ಊಹೆ ಅನ್ನೋದು ನಿಮ್ಮಂಥೋರ ಅಳತೆ," ಎನ್ನುತ್ತಿದ್ದರು. "ನನಗೆ ನಂಬರ್ ಬೇಕು. ನಂಬರ್, ಅಂಡರ್‌ಸ್ಟ್ಯಾಂಡ್?"

ನಂಬರು ಅವರಿಗೆ ಬೇಕು; ಅದನ್ನು ತೆಗೆದುಕೊಡುವ ಕೈಗಳು ನಮ್ಮವು. ಗಾಡಿಯ ಅಡಿಗೆ ಅವರು ಹೋದದ್ದನ್ನು ಒಂದು ದಿನವೂ ನೋಡಿಲ್ಲ. ಮಡಚುವ ಕುರ್ಚಿಯೊಂದನ್ನು ತರಿಸಿ ಹಾಕಿಕೊಂಡು, ಪ್ಯಾಂಟಿನ ಗೆರೆ ಮುರಿಯದ ಹಾಗೆ ಮಂಡಿಯ ಮೇಲೆ ಬಟ್ಟೆ ಎತ್ತಿ ಕೂತು, "ತಿರುಗಿಸು. ಎಷ್ಟಾಯ್ತು? ಮತ್ತೆ ತಿರುಗಿಸು," ಎಂದು ಹೇಳುವುದು ಅವರ ಕೆಲಸ. ಆಮೇಲೆ ಗಿರಾಕಿ ಬಂದಾಗ, "ಐ ಕೌಂಟೆಡ್ ಎವ್ರಿ ಟೂತ್ ಮೈಸೆಲ್ಫ್," ಎನ್ನುವರು. ಗೇರು ಚಕ್ರದ ಒಂದೊಂದು ಹಲ್ಲನ್ನೂ ತಾವೇ ಎಣಿಸಿದ್ದಾರಂತೆ. ನಾವು ಮಸಿ ಮೆತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತು ಕೇಳುತ್ತಿದ್ದೆವು.

ಮಧ್ಯಾಹ್ನ ನಾವು ಊಟದ ಗಂಟು ಬಿಚ್ಚಿದರೆ ಅವರು ಎದ್ದು ಬಾಗಿಲ ಕಡೆ ಹೋಗಿಬಿಡುವರು. ಹುರುಳಿ ಸಾರಿನ ವಾಸನೆ ಅವರಿಗೆ ಆಗದು. ತಮ್ಮ ಪಾಲಿಗೆ ಎರಡು ತುಂಡು ಬ್ರೆಡ್ಡು, ಒಂದು ಪಿಂಗಾಣಿ ಬಟ್ಟಲಲ್ಲಿ ಟೀ. ಆ ಬಟ್ಟಲನ್ನು ಬೇರೆ ಯಾರೂ ಮುಟ್ಟಕೂಡದು. ಒಮ್ಮೆ ನಾನು ಭಾಗಾಕಾರದಲ್ಲಿ ತಡವರಿಸಿದೆ. ಎಲ್ಲರ ಎದುರಿಗೆ, "ಮುದ್ದೆ ನುಂಗೋ ಗಂಟಲಲ್ಲಿ ದಶಾಂಶ ಇಳಿಯೋದಿಲ್ಲ ಬಿಡು," ಎಂದರು. ಅಂದಿನಿಂದ ನನಗೆ ದೊಡ್ಡನೆಕ್ಕುಂದಿ ಪ್ರೊಫೆಸರ್ ಎಂದು ಹೆಸರಾಯಿತು. ಗಿರಾಕಿಗಳ ಮುಂದೆಯೂ ಹಾಗೇ ಕರೆಯುವರು. ಗಿರಾಕಿಗಳು ನಗುವರು. ಭಾನುವಾರಗಳಲ್ಲಿ ತಾವು ಟೆನಿಸ್ ಆಡುವುದಾಗಿ ಸೋಮವಾರ ಬೆಳಗ್ಗೆ ತಪ್ಪದೆ ಹೇಳುತ್ತಿದ್ದರು. ಅವರ ಕೈಯಲ್ಲಿ ಟೆನಿಸ್ ಬ್ಯಾಟನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳಲು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಿಂದಿನ ಆಕ್ಸೆಲಿನ ರೇಷಿಯೋ ವಿಷಯದಲ್ಲಿ ಅವರ ತಲೆ ಸರಿಯಾಗಿತ್ತು.

ಕಾರಿನ ಹಿಂದಿನ ಆಕ್ಸೆಲಿನ ನಡುವಿನ ಉಬ್ಬಿನೊಳಗೆ ಎರಡು ಹಲ್ಲಿನ ಚಕ್ರಗಳಿರುತ್ತವೆ. ಇಂಜಿನ್ನಿನ ಕಡೆಯಿಂದ ಬರುವ ಚಿಕ್ಕದು ಪಿನಿಯನ್, ಗಾಡಿಯ ಚಕ್ರಗಳನ್ನು ತಿರುಗಿಸುವ ದೊಡ್ಡದು ಕ್ರೌನ್. ದೊಡ್ಡದರ ಹಲ್ಲುಗಳನ್ನು ಚಿಕ್ಕದರ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ರೇಷಿಯೋ. ಅದು ದೊಡ್ಡದಾದಷ್ಟೂ ಗಾಡಿಗೆ ಎಳೆತ ಹೆಚ್ಚು, ಓಟ ಕಡಿಮೆ, ಇಂಜಿನ್ನಿಗೆ ಕಿರುಚಾಟ. ಚಿಕ್ಕದಾದಷ್ಟೂ ಓಟ ಹೆಚ್ಚು, ಆದರೆ ಎಳೆಯುವಾಗ ಇಂಜಿನ್ ಏದುಸಿರು ಬಿಡುತ್ತದೆ. ಇಷ್ಟೇ ಇದರ ಗುಟ್ಟು.

ಇನ್ನು ಸೂಪರ್‌ಚಾರ್ಜರ್. ನಮ್ಮ ಗ್ಯಾರೇಜಿನ ಮಂದಿ ಅದಕ್ಕೆ ತಿದಿ ಎನ್ನುತ್ತಿದ್ದರು, ಕುಲುಮೆಯಲ್ಲಿ ಗಾಳಿ ಊದುತ್ತಾರಲ್ಲ, ಅದು. ಇಂಜಿನ್ನಿನೊಳಕ್ಕೆ ಗಾಳಿಯನ್ನು ಬಲವಂತವಾಗಿ ತುರುಕುವ ಯಂತ್ರ. ಅಂಥ ಇಂಜಿನ್ನಿಗೆ ನಿಧಾನವಾಗಿ ತಿರುಗುವಾಗಲೇ ಬೇಕಾದಷ್ಟು ಕಸುವಿರುತ್ತದೆ. ದಂಡಿನ ಮೆಕ್ಯಾನಿಕ್ಕುಗಳೆಲ್ಲ, ಜೋರಿನ ಇಂಜಿನ್ ಅಂದರೆ ಜೋರಾಗಿ ಎಳೆಯುವ ರೇಷಿಯೋ ಹಾಕಬೇಕು ಎಂದು ತಿಳಿದಿದ್ದರು. ಇವರೊಬ್ಬರೇ ತಲೆ ಅಲ್ಲಾಡಿಸಿದರು. "ಅದಕ್ಕೆ ಮೊದಲೇ ಎಳೆತ ಇದೆ. ಮತ್ತೆ ಹಿಂದೆ ಎಳೆತ ಕೊಟ್ರೆ ಕಿರುಚಿ ಸಾಯುತ್ತೆ. ಹಿಂದಿನ ರೇಷಿಯೋ ಇಳಿಸಬೇಕು. ಆದ್ರೆ ಜಾಸ್ತಿ ಇಳಿಸಬಾರದು, ಇಳಿಸಿದ್ರೆ ಏರಿನಲ್ಲಿ ಪೆಟ್ರೋಲು ಒಳಗೇ ಸಿಡಿದು ಪಿಸ್ಟನ್ ತೂತಾಗುತ್ತೆ," ಎಂದಿದ್ದರು. ಅದು ಅಕ್ಷರಶಃ ನಿಜ. ಆಮೇಲೆ ಮೂವತ್ತು ವರ್ಷ ನಾನು ಸ್ವಂತ ಗ್ಯಾರೇಜು ನಡೆಸಿದ್ದೇನೆ, ಆ ಮಾತು ಒಂದು ಸಲವೂ ಸುಳ್ಳಾಗಲಿಲ್ಲ. ಸರಿಯಾದ ವಿದ್ಯೆ ಸರಿಯಿಲ್ಲದ ಮನುಷ್ಯನ ಬಾಯಿಂದ ಬಂದರೆ ಕಲಿಯುವವನಿಗೆ ಎಷ್ಟು ಹಿಂಸೆ ಎಂಬುದನ್ನು ಅಲ್ಲಿ ಉಂಡವನು ನಾನು.

ಯುದ್ಧ ಮುಗಿದ ಮರುವರ್ಷ ಮಿಲಿಟರಿಯವರ ಕೆಲಸ ನಿಂತುಹೋಯಿತು. ಬಿಳಿಯರು ಒಬ್ಬೊಬ್ಬರೇ ಗಂಟು ಕಟ್ಟುತ್ತ ತಮ್ಮ ಗಾಡಿಗಳನ್ನು ಸಿಕ್ಕವರಿಗೆ ಮಾರುತ್ತಿದ್ದರು. ಹಾಗೆ ಒಬ್ಬ ಮೇಜರನ ತಿದಿ ಗಾಡಿ, ನಾಲ್ಕು ಜನ ಕೂರುವ ತೆರೆದ ಕಾರು, ಫ್ರೇಜರ್ ಟೌನಿನ ಒಬ್ಬ ಮರದ ವ್ಯಾಪಾರಿಯ ಕೈಗೆ ಬಂತು. ಮೇಜರ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದ್ದನೇ ಹೊರತು ಹಿಂದಿನ ರೇಷಿಯೋ ಮುಟ್ಟಿರಲಿಲ್ಲ. ಅದು ಐದಕ್ಕಿಂತ ಮೇಲಿತ್ತು. ನಲವತ್ತು ಮೈಲಿ ವೇಗಕ್ಕೇ ಗಾಡಿ ಊಳಿಡುತ್ತಿತ್ತು.

ಆ ಮರದ ಸಾಹೇಬರು ಒಳ್ಳೆಯ ಮನುಷ್ಯ. "ದೇಖೋ ಭಾಯ್, ನಂಗೆ ರೇಸ್ ಗೀಸ್ ಬೇಡ. ಕೋಲಾರಕ್ಕೆ ಹೋಗಿ ಬರೋವಾಗ ಕಿವಿ ಉಳೀಬೇಕು, ಅಷ್ಟೇ ಬಸ್," ಎಂದರು. ಆಮೇಲೆ ಅಲ್ಲೇ ಗಾಡಿ ಒರೆಸುತ್ತಿದ್ದ ಆರ್ಮುಗಂನನ್ನು ನೋಡಿ, "ಈ ಗಾಡಿ ಸರಿಯಾಗಿ ಓಡಿಸಿ ತೋರಿಸಿದ್ರೆ ನಿನ್ನನ್ನೇ ಇಟ್ಕೋತೀನಿ. ಕಾಯಂ," ಎಂದರು.

ಆರ್ಮುಗಂ ಹಲಸೂರಿನವನು, ನನ್ನ ಓರಗೆಯವನು. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನಿಗೆ ಆಗ ಕೆಲಸವಿರಲಿಲ್ಲ. ನಮ್ಮಲ್ಲಿ ಗಾಡಿ ತೊಳೆದು, ಅತ್ತಿತ್ತ ನಿಲ್ಲಿಸಿ ದಿನಗೂಲಿ ಪಡೆಯುತ್ತಿದ್ದ. ಹೆಂಡತಿ ಬಾಣಂತನಕ್ಕೆ ತಾಯಿಮನೆ ಸೇರಿದ್ದಳು; ಕೆಲಸ ಸಿಕ್ಕ ಮೇಲೆ ಬಂದು ಕರಕೊಂಡು ಹೋಗು ಎಂದು ಮಾವ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ. ಮಗಳು ಹುಟ್ಟಿ ಐದು ತಿಂಗಳಾಗಿತ್ತು, ಇವನು ಎರಡು ಸಲ ನೋಡಿದ್ದ. ಆ ಸಂಜೆ ನನ್ನ ಸೈಕಲ್ ಹಿಡಿದುಕೊಂಡು ಹಲಸೂರು ಕೆರೆಯವರೆಗೂ ಮಾತಾಡುತ್ತ ಬಂದ.

"ಕಾಯಂ ಅಂದ್ರಲ್ಲ, ಕೇಳಿಸ್ತಾ ನಿಂಗೆ?" ಎಂದು ಮೂರು ಸಲ ಕೇಳಿದ.

"ಕೇಳಿಸ್ತಪ್ಪ."

"ಮುಂದಿನ ವಾರನೇ ಪಾಪಾನ ಕರ್ಕೊಂಡು ಬಂದ್ಬಿಡ್ತೀನಿ. ಗಾಡಿ ಒಂದು ಸರಿ ಹೋಗ್ಲಿ."

ಫೋರ್‌ಮನ್ ಪಟ್ಟಿ ಎಳೆದು, ನಾಲ್ಕೂವರೆ ರೇಷಿಯೋ ಬೇಕು ಎಂದು ತೀರ್ಮಾನಿಸಿದರು. ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನ ರಾಶಿಯಲ್ಲಿ ಅದೇ ಜಾತಿಯ ಗಾಡಿಯ ಎರಡು ಜೊತೆ ಕ್ರೌನು ಪಿನಿಯನ್ನು ಸಿಕ್ಕವು. ತುಕ್ಕು ತಿಂದು ಅವುಗಳ ಮೇಲಿನ ನಂಬರು ಅಳಿಸಿಹೋಗಿತ್ತು. ಹಾಗಾಗಿ ಹಲ್ಲು ಎಣಿಸಲೇಬೇಕು. ಎಣಿಸುವ ದಿನ ಮರದ ಸಾಹೇಬರೂ ಬಂದಿದ್ದರು. ಫೋರ್‌ಮನ್ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತರು. ನಾನು ಸೀಮೆಎಣ್ಣೆಯಲ್ಲಿ ಚಕ್ರಗಳನ್ನು ತೊಳೆದು, ಮೊದಲ ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಲು ಶುರು ಮಾಡಿದೆ.

"ಲಾಭ. ಎರಡು. ಮೂರು. ನಾಲ್ಕು."

ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ, ಆಮೇಲೆ ಎರಡು. ಅಪ್ಪ ಅಳೆದದ್ದು ಹಾಗೆ, ತಾತ ಅಳೆದದ್ದು ಹಾಗೆ. ನಾನು ಬೋಲ್ಟು ಎಣಿಸಿದರೂ ಬಾಯಿಗೆ ಬರುತ್ತಿದ್ದದ್ದು ಅದೇ. ಗ್ಯಾರೇಜಿನಲ್ಲಿ ಉಳಿದವರಿಗೂ ಅದು ಹೊಸದಲ್ಲ. ಮೊದಲ ಜೊತೆಯಲ್ಲಿ ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ನಲವತ್ತೊಂದು ಬಂತು. ಭಾಗಿಸಿದರೆ ನಾಲ್ಕೂವರೆಗೆ ಕೂದಲೆಳೆ ಹೆಚ್ಚು. ಬೇಕಾಗಿದ್ದದ್ದು ಅದೇ.

ಮರದ ಸಾಹೇಬರು ಸುಮ್ಮನಿರಲಾರದೆ ಕೇಳಿದರು. "ಯೇ ಕ್ಯಾ, ಇವನು ಎರಡರಿಂದ ಶುರು ಮಾಡ್ತಾನೆ?"

ಫೋರ್‌ಮನ್ ನನ್ನ ಕಡೆ ನೋಡಿದರು. ಒಂದು ಗಳಿಗೆ ಸುಮ್ಮನೆ ನೋಡಿದರು, ಅದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನಕ್ಕರು.

"ವಿಲೇಜ್ ಪೀಪಲ್, ಸರ್. ಮೊದಲು ಅದೇನೋ ಮಂತ್ರ ಹೇಳ್ತಾರೆ, ಆಮೇಲೆ ಎರಡು ಅಂತ ಶುರು ಮಾಡ್ತಾರೆ. ಇವರ ಎಣಿಕೆಯಲ್ಲಿ ಯಾವಾಗಲೂ ಒಂದು ಕಳೀಬೇಕು. ನಮ್ಮ ಪ್ರೊಫೆಸರ್‌ಗೆ ಒಂದು ಅನ್ನೋದೇ ಗೊತ್ತಿಲ್ಲ."

ಸಾಹೇಬರು ನಕ್ಕರು. ಫೋರ್‌ಮನ್ ನೋಟ್‌ಬುಕ್ಕಿನಲ್ಲಿ ಎಂಟು, ನಲವತ್ತು ಎಂದು ಬರೆದರು. ಪಟ್ಟಿ ಎಳೆದರು. ಐದು. ಬೇಡ, ಪಕ್ಕಕ್ಕಿಡು ಎಂದರು. ಎರಡನೆಯ ಜೊತೆಯಲ್ಲಿ ನನಗೆ ಹತ್ತು ಮತ್ತು ನಲವತ್ತೊಂದು ಬಂತು. ಅವರು ಒಂಬತ್ತು, ನಲವತ್ತು ಎಂದು ಬರೆದುಕೊಂಡರು. ಮತ್ತೆ ಪಟ್ಟಿ. "ಫೋರ್ ಪಾಯಿಂಟ್ ಫೋರ್ ಫೋರ್. ಪರ್ಫೆಕ್ಟ್. ಇದನ್ನೇ ಹಾಕು."

ಅದು ನಾಲ್ಕು ಪಾಯಿಂಟ್ ಒಂದು. ತೀರಾ ಇಳಿದ ರೇಷಿಯೋ. ಇಳಿಸಬಾರದು ಎಂದು ಅವರೇ ಹೇಳಿದ್ದಷ್ಟು ಇಳಿದದ್ದು.

ನಾನು ಬಾಯಿ ಬಿಡಬಹುದಿತ್ತು. ಲಾಭ ಅಂದರೆ ಒಂದೇ ಸಾರ್ ಎಂದರೆ ಮುಗಿಯುತ್ತಿತ್ತು, ನಾಲ್ಕು ಮಾತು. ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಈ ಮೂರ್ಖ ಒಂದು ಸಲ ಎಲ್ಲರೆದುರು ಬೀಳಲಿ ಅನ್ನಿಸಿತು. ಗಾಡಿ ಮಂಕಾಗಿ ಓಡುತ್ತದೆ, ಸಾಹೇಬರು ಸಿಟ್ಟಾಗುತ್ತಾರೆ, ಬಿಚ್ಚಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ, ಆಗ ನನ್ನ ಎಣಿಕೆ ಸರಿ ಎಂದು ಬಯಲಾಗುತ್ತದೆ. ಇಷ್ಟು ನನ್ನ ಲೆಕ್ಕ. ಅದರಲ್ಲಿ ಆರ್ಮುಗಂ ಎಲ್ಲಿದ್ದಾನೆಂದು ನಾನು ಯೋಚಿಸಲಿಲ್ಲ. ಆ ಎರಡನೆಯ ಜೊತೆಯನ್ನು ನನ್ನ ಕೈಯಾರೆ, ಬಹಳ ನೀಟಾಗಿ, ಆಕ್ಸೆಲಿನೊಳಗೆ ಕೂರಿಸಿದೆ.

ಮರುದಿನ ಆರ್ಮುಗಂ ಗಾಡಿಯನ್ನು ಮಾರ್ಕೆಟ್ಟಿನ ಸುತ್ತ ಒಂದು ಸುತ್ತು ಹೊಡೆಸಿ ಬಂದು ತಲೆ ಕೆರೆದುಕೊಂಡ. "ಏನಪ್ಪಾ, ಗಾಡಿ ಸೋಂಬೇರಿ ಆಗ್ಬಿಟ್ಟಿದೆ. ಎತ್ತೋಕೇ ಕಷ್ಟ ಪಡ್ತದೆ."

"ಫೋರ್‌ಮನ್‌ನ ಕೇಳು," ಎಂದೆ.

ಅವನು ಕೇಳಲಿಲ್ಲ. ಕಾಯಂ ಕೆಲಸದ ಆಸೆ ಇರುವವನು ಫೋರ್‌ಮನ್ನಿನ ಲೆಕ್ಕ ತಪ್ಪು ಎಂದು ಹೇಗೆ ಕೇಳಿಯಾನು?

ಭಾನುವಾರ ಬೆಳಗ್ಗೆ ಪರೀಕ್ಷೆಗೆ ಹೊರಟೆವು. ಆರ್ಮುಗಂ ಸ್ಟಿಯರಿಂಗಿನಲ್ಲಿ, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು. ಪಕ್ಕದಲ್ಲಿ ಫೋರ್‌ಮನ್, ಆ ಭಾನುವಾರ ಟೆನಿಸ್ ತ್ಯಾಗ ಮಾಡಿದ್ದಾಗಿ ಎರಡು ಸಲ ಹೇಳಿದರು. ಹಿಂದೆ ಮರದ ಸಾಹೇಬರು ಮತ್ತು ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡು ನಾನು. ಹಳೇ ಮದರಾಸು ರಸ್ತೆಯಲ್ಲಿ ಹಲಸೂರು ದಾಟಿದ ಮೇಲೆ ಗಾಡಿ ಓಡತೊಡಗಿತು. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿತು, ಇಂಜಿನ್ ಸದ್ದೇ ಇಲ್ಲ. ಸಾಹೇಬರು ಖುಷಿಯಾಗಿ ಟೋಪಿ ತೆಗೆದು ಗಾಳಿಗೆ ತಲೆಯೊಡ್ಡಿದರು. ಈ ಮನುಷ್ಯ ಇದರಲ್ಲೂ ಗೆದ್ದುಬಿಡುತ್ತಾನಲ್ಲ ಅನ್ನಿಸಿತು ನನಗೆ.

ಕೆ.ಆರ್. ಪುರ ದಾಟಿ ಏರು ಬಂತು. ಉದ್ದನೆಯ ಏರು. ಗಾಡಿ ನಿಧಾನವಾಯಿತು. ಇಂಜಿನ್ನಿನೊಳಗಿಂದ ಟಿಣ್ ಟಿಣ್ ಎಂಬ ಸದ್ದು, ತಟ್ಟೆಯಲ್ಲಿ ಗೋಲಿ ಉರುಳಿಸಿದ ಹಾಗೆ. ಆಗಿನ ರೇಷನ್ ಪೆಟ್ರೋಲು ಬೇರೆ ಕಚಡಾ. ಆರ್ಮುಗಂ ಗೇರು ಇಳಿಸಲು ಕೈ ಹಾಕಿದ. ಫೋರ್‌ಮನ್ ತಮ್ಮ ಮಸಿ ಕಾಣದ ಕೈಯನ್ನು ಅವನ ಕೈ ಮೇಲಿಟ್ಟು ಒತ್ತಿ ಹಿಡಿದರು.

"ಟಾಪ್ ಗೇರ್‌ನಲ್ಲೇ ಹೋಗ್ಲಿ. ಸೂಪರ್‌ಚಾರ್ಜರ್ ಇರೋ ಗಾಡಿಗೆ ಗೇರ್ ಇಳಿಸಿದ್ರೆ ಏನು ಮರ್ಯಾದೆ?"

ತಿದಿಯ ಸದ್ದಿನಲ್ಲಿ ಸಾಹೇಬರಿಗೆ ಅದು ಕೇಳಲಿಲ್ಲ. ಅವರು ತೋಟಗಳನ್ನು ನೋಡುತ್ತಿದ್ದರು. ನಾನು ಮುಂದಕ್ಕೆ ಬಾಗಿ ಕೂತಿದ್ದೆ. ಕೇಳಿಸಿತು, ಕೈಯೂ ಕಾಣಿಸಿತು. ಆರ್ಮುಗಂನ ಕತ್ತಿನ ಹಿಂಭಾಗ ಬೆವೆತಿತ್ತು. ಏರು ಮುಗಿಯುವ ಮೊದಲೇ ಢಬ್ ಎಂದು ಸದ್ದಾಗಿ ಹಿಂದೆ ನೀಲಿ ಹೊಗೆ ಎದ್ದಿತು. ಗಾಡಿ ಕುಂಟುತ್ತ ನಿಂತಿತು. ಬಾನೆಟ್ ಎತ್ತಿ ಪ್ಲಗ್ ಬಿಚ್ಚಿದರೆ ಒಂದು ಪಿಸ್ಟನ್ನಿಗೆ ಬೆರಳು ತೂರುವಷ್ಟು ತೂತು.

ಸಾಹೇಬರು ಯಾರಿಗೂ ಬೈಯಲಿಲ್ಲ. ಇದು ಹೇಗಾಯಿತು ಎಂದಷ್ಟೇ ಕೇಳಿದರು.

ಫೋರ್‌ಮನ್ ಕರ್ಚೀಫು ತೆಗೆದು ಕೈ ಒರೆಸಿಕೊಂಡರು, ಕೈಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. "ಡ್ರೈವರ್ ಫಾಲ್ಟ್, ಸರ್. ಏರಿನಲ್ಲಿ ಗೇರ್ ಇಳಿಸಲಿಲ್ಲ. ಮಿಲಿಟರಿ ಲಾರಿ ಓಡಿಸಿದ ಕೈ. ಇಂಥ ಗಾಡಿ ಇವರಿಗೆಲ್ಲ ಒಗ್ಗೋದಿಲ್ಲ."

"ಸಾಮಿ, ನೀವೇ ಕೈ ಹಿಡ್ಕೊಂಡ್ರಿ," ಎಂದ ಆರ್ಮುಗಂ.

"ನಾನಾ?" ಎಂದರು ಫೋರ್‌ಮನ್, ನಗುತ್ತ.

ಆರ್ಮುಗಂ ನನ್ನ ಕಡೆ ತಿರುಗಿ ನೋಡಿದ. ನಾನು ಸಾಮಾನಿನ ಪೆಟ್ಟಿಗೆಯ ಮೇಲೆ ಬಾಗಿ ಪ್ಲಗ್ಗಿನ ಸ್ಪ್ಯಾನರ್ ಹುಡುಕುತ್ತಿದ್ದೆ. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು. ಕೈ ಹಿಡಿದದ್ದು ನಿಜ ಎಂದು ಹೇಳಿದರೆ, ಹಾಗಾದರೆ ತಪ್ಪು ಎಲ್ಲಿ ಎಂದು ಆಕ್ಸೆಲ್ ಬಿಚ್ಚುತ್ತಾರೆ, ಹಲ್ಲು ಎಣಿಸುತ್ತಾರೆ, ಎಣಿಸಿದವನು ನೀನೇ, ಗೊತ್ತಿದ್ದೂ ಯಾಕೆ ಕೂರಿಸಿದೆ ಎಂದು ಕೇಳುತ್ತಾರೆ. ಬೇಕೆಂದೇ ಗಾಡಿ ಕೆಡಿಸಿದೆ ಎನ್ನುತ್ತಾರೆ. ಮೂರು ದಿನ ಹಿಂದೆ ಫೋರ್‌ಮನ್ನಿಗೆ ತೋಡಿದ ಗುಂಡಿಯಲ್ಲಿ ನಾನೇ ನಿಂತಿದ್ದೆ.

ಗಾಡಿಯನ್ನು ಜೋಡಿ ಎತ್ತು ಕಟ್ಟಿ ಕೆ.ಆರ್. ಪುರಕ್ಕೆ ಎಳೆಸಿದೆವು. ಮರದ ಸಾಹೇಬರು ಅದನ್ನು ಹಾಗೇ ಯಾರಿಗೋ ಮಾರಿಬಿಟ್ಟರು, ಆಕ್ಸೆಲನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅವರು ಬೇರೆ ಗಾಡಿ ತೆಗೆದುಕೊಂಡರು, ಬೇರೆ ಡ್ರೈವರ್‌ನನ್ನು ಇಟ್ಟುಕೊಂಡರು. ಆರ್ಮುಗಂನಿಗೆ ಗ್ಯಾರೇಜಿನ ದಿನಗೂಲಿಯೂ ತಪ್ಪಿತು. ನಾನು ಎರಡು ತಿಂಗಳ ಮೇಲೆ ಕೆಲಸ ಬಿಟ್ಟೆ. ಆತ್ಮಸಾಕ್ಷಿಗಾಗಿ ಬಿಟ್ಟೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ನಿಜವಾಗಿ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತ್ತು.

ಇಷ್ಟೂ ಆಗಿ ಮೂರು ವರ್ಷಕ್ಕೆ ಫೋರ್‌ಮನ್ ಸತ್ತರು. ಹಳೆಯ ಕೆಲಸಗಾರರೆಲ್ಲ ಸೇರಿ ಹದಿಮೂರನೆಯ ದಿನಕ್ಕೆ ಯಾರಾದರೂ ಒಬ್ಬರು ಹೋಗಿ ಬರಬೇಕು ಎಂದಾಗ, ನಿನಗೆ ಹತ್ತಿರ ಎಂದು ನನ್ನನ್ನು ಹೊರಡಿಸಿದರು. ಫ್ರೇಜರ್ ಟೌನ್ ನನಗೆ ಯಾವ ಲೆಕ್ಕದಲ್ಲಿ ಹತ್ತಿರ ಎಂದೆ. ಫ್ರೇಜರ್ ಟೌನ್ ಅಲ್ಲ, ಅವರ ಮನೆ ಇರುವುದು ಹೂಡಿ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ಎಂದರು. ದೊಡ್ಡನೆಕ್ಕುಂದಿಯಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ. ಫ್ರೇಜರ್ ಟೌನಿನಲ್ಲಿ ಅವರದ್ದೊಂದು ಬಾಡಿಗೆ ಕೋಣೆ ಮಾತ್ರ ಇತ್ತಂತೆ.

ಹೆಂಚಿನ ಮನೆ, ಮುಂದೆ ಸಾರಿಸಿದ ಅಂಗಳ, ಪಕ್ಕದಲ್ಲಿ ದನದ ಕೊಟ್ಟಿಗೆ. ಜಗಲಿಯ ಮೇಲೆ ಅವರ ತಾಯಿ ಕೂತಿದ್ದರು. ನಾನು ಯಾರೆಂದು ಹೇಳಿದೆ.

"ದೊಡ್ಡನೆಕ್ಕುಂದಿಯೋರಾ? ಹಂಗಾದ್ರೆ ನಮ್ಮ ಕಡೆಯೋರೇ ಆದ್ರಲ್ಲ. ಇವನು ಒಂದು ದಿನಾನೂ ಹೇಳ್ಲಿಲ್ಲ ನೋಡಿ," ಎಂದರು ಆ ಮುದುಕಿ. "ಪ್ರತಿ ಭಾನುವಾರ ಬರೋನು. ಹುರುಳಿ ಸಾರು ಮಾಡಿಸ್ಕೊಂಡು ಎರಡು ಮುದ್ದೆ ತಿಂದು ಮಲಗ್ಬಿಡೋನು. ಆ ಊರಲ್ಲಿ ಯಾರು ಮಾಡಿಕ್ತಾರೆ ಇವನಿಗೆ?"

ಅಂಗಳದಲ್ಲಿ ಅಡುಗೆಯವರಿಗೆ ಅಕ್ಕಿ ಅಳೆದುಕೊಡುತ್ತಿದ್ದರು. ಅಳೆಯುತ್ತಿದ್ದವರು ಫೋರ್‌ಮನ್ನಿನ ಅಣ್ಣ. ಮೊದಲ ಸೇರು ಸುರಿದು, "ಲಾಭ," ಎಂದರು. ಎರಡನೆಯದಕ್ಕೆ ಎರಡು.

ನಾನು ಅತ್ತ ನೋಡುತ್ತಿದ್ದುದನ್ನು ಕಂಡು ತಾಯಿ ಹೇಳಿದರು. "ಎಣಿಕೆಗೆ ಅವನೇ ಆಗ್ಬೇಕಿತ್ತು. ಇಸ್ಕೂಲಿಗೆ ಅಂತ ದಂಡಿಗೆ ಕಳ್ಸೋ ತನಕ ಇಡೀ ಊರಿನ ಕಣದಲ್ಲಿ ಅವನೇ ಎಣಿಸೋನು. ಲಾಭ ಅಂತ ರಾಗ ಎಳ್ದು ಶುರು ಮಾಡಿದ್ರೆ ನೂರಕ್ಕೆ ಹೋದ್ರೂ ಒಂದು ಸೇರು ತಪ್ತಿರ್ಲಿಲ್ಲ."

ಹಾಗಾದರೆ ಅವರಿಗೆ ಗೊತ್ತಿತ್ತು. ಸಾಹೇಬರು ಕೇಳಿದಾಗ ನನ್ನ ಮುಖ ನೋಡಿದ ಆ ಒಂದು ಗಳಿಗೆಯಲ್ಲಿ, ಲಾಭ ಅಂದರೆ ಒಂದು ಎಂದು ಅವರ ಬಾಯಿಗೆ ಬಂದೇ ಇತ್ತು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಸಾಹೇಬರು ಕೇಳಬಹುದು. ಬಿಳಿ ಪ್ಯಾಂಟು, ಪಿಂಗಾಣಿ ಬಟ್ಟಲು, ಟೆನಿಸ್ಸು ಎಲ್ಲವೂ ಆ ಒಂದು ಮಾತಿಗೆ ಕಳಚಿ ಬೀಳಬಹುದು. ಅದಕ್ಕೆ ಒಂದು ಕಳೆದರು. ಲಾಭ ಅಂದರೆ ಏನೆಂದೂ ತಿಳಿಯದ ಹೆಡ್ಡ ಎಂದು ಮೂರು ವರ್ಷ ಅವರನ್ನು ಬೈದಿದ್ದೆ. ಹೆಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಊಟಕ್ಕೆ ಏಳಿ ಎಂದರು. ನನಗೆ ಅಲ್ಲಿ ಒಂದು ತುತ್ತೂ ಇಳಿಯಲಿಲ್ಲ.

ಮನೆಗೆ ಹೋಗಲಿಲ್ಲ. ಅಲ್ಲಿಂದ ನೇರ ಹಲಸೂರಿಗೆ ಸೈಕಲ್ ತುಳಿದೆ. ಆರ್ಮುಗಂ ಕೆರೆಯ ಹತ್ತಿರ ಒಂದು ಸೌದೆ ಡಿಪೋದ ಲಾರಿಯಲ್ಲಿ ಕರೆದಾಗ ಹೋಗಿ ಕೆಲಸ ಮಾಡುತ್ತಾನೆಂದು ಕೇಳಿದ್ದೆ. ಲಾರಿಯ ಮೇಲೆ ನಿಂತು ಸೌದೆ ಕೆಳಗೆ ಎಸೆಯುತ್ತಿದ್ದ. ಸೊರಗಿದ್ದ. ನನ್ನನ್ನು ಕಂಡು ಇಳಿದು ಬಂದ. ಹೆಂಡತಿ ಮಗು ಹೇಗಿದ್ದಾರೆ ಎಂದೆ.

"ಅವಳು ಅವಳಪ್ಪನ ಮನೇಲೇ ಇದಾಳೆ. ಪಾಪಾ ನನ್ನನ್ನೇ ಮಾಮಾ ಅಂತ ಕರೀತದೆ," ಎಂದ.

ನನಗೆ ತಡೆಯಲಾಗಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಹಳ್ಳಿಯ ಮನೆ, ಅಕ್ಕಿ ಅಳೆದದ್ದು, ಇಡೀ ಊರಿಗೆ ಎಣಿಸುತ್ತಿದ್ದ ಹುಡುಗ, ಅವರು ಬೇಕೆಂದೇ ಒಂದು ಕಳೆದದ್ದು, ಅದರಿಂದ ತಪ್ಪು ರೇಷಿಯೋ ಕೂತದ್ದು, ಅದರಿಂದಲೇ ಪಿಸ್ಟನ್ ಹೋದದ್ದು. "ಆ ಮನುಷ್ಯನಿಗೆ ಗೊತ್ತಿತ್ತು ಕಣೋ. ಗೊತ್ತಿದ್ದೂ ನಿನ್ನ ಬಾಳು ಹಾಳು ಮಾಡ್ದ," ಎಂದೆ.

ಆರ್ಮುಗಂ ತನ್ನ ತಮಿಳಿನಲ್ಲಿ 'ಲಾಭ, ರೆಂಡು, ಮೂಣು' ಎಂದು ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಂಡ. ಅಂಗೈಗೆ ಚುಚ್ಚಿದ್ದ ಸೌದೆಯ ಸಿಬಿರನ್ನು ಹಲ್ಲಿನಿಂದ ಕಿತ್ತು ಉಗುಳಿದ.

"ಅವ್ರಿಗೆ ಗೊತ್ತಿತ್ತು. ಸರಿ. ಅವ್ರು ತಪ್ಪು ಬರ್ದಿದ್ದು ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬೇಕೆಂದು ಅನ್ನಿಸಿತು. ಆದರೂ ಗೊತ್ತಿತ್ತು ಎಂದೆ.

ಅವನು ನನ್ನನ್ನು ನೋಡಿದ. ಅವತ್ತು ಏರಿನಲ್ಲಿ ನೋಡಿದ ಹಾಗೆಯೇ. ಈ ಸಲ ಬಾಗಿ ಹುಡುಕಲು ನನ್ನ ಹತ್ತಿರ ಪೆಟ್ಟಿಗೆ ಇರಲಿಲ್ಲ.

"ಮತ್ತೆ ಅವ್ರ ವಿಷ್ಯ ಹೇಳೋಕೆ ಇಷ್ಟು ದೂರ ಯಾಕಪ್ಪಾ ಬಂದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲಾರಿ ಹತ್ತಿದ. ಸೌದೆ ಬೀಳುವ ಸದ್ದು ಮತ್ತೆ ಶುರುವಾಯಿತು. ನಾನು ಸೈಕಲ್ ತಿರುಗಿಸಿದೆ.